ಬಾಳವ್ವನ ಅಸಲಿ ಮಾಲು

ಮಹಾವೀರ ಹನ್ನೊಂದನೆಯ ಸಲ ಹ್ಯಾಂಡಲ್ ತಿರುಗಿಸಿದ. ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು.

“ಮುಗೀತಣ್ಣಾ. ಇದಕ್ಕ ಜೀವಾ ಇಲ್ಲ,” ಎಂದ.

ಇಚಲಕರಂಜಿಯ ಮಗ್ಗದ ಕಾರಖಾನೆಯ ಅಂಗಳದಲ್ಲಿ ಅವರಪ್ಪ ೧೯೨೬ರಲ್ಲಿ ತಂದಿದ್ದ ವಿಲಾಯತಿ ಮೋಟಾರು ನಿಂತಿತ್ತು. ಪಕ್ಕದಲ್ಲೇ ಕೊಲ್ಲಾಪುರದಿಂದ ತಂದಿಳಿಸಿದ ಜೀಪಿನ ಇಂಜಿನ್ನು. ಅಣ್ಣ ಕುಂಥುನಾಥನಿಗೆ ಅಪ್ಪನ ಗಾಡಿ ಇದ್ದ ಹಾಗೆಯೇ ಓಡಬೇಕು. ತಮ್ಮ ಮಹಾವೀರನಿಗೆ ಅದರ ಛಾವಣಿ ಕೊಯ್ದು, ಜೀಪಿನ ಇಂಜಿನ್ನು ಕೂರಿಸಿ, ಪುಣೆ ರಸ್ತೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಬೇಕು. ಮೂರು ತಿಂಗಳು ಕಚ್ಚಾಡಿ ಕೊನೆಗೊಂದು ಮಾತಿಗೆ ಬಂದಿದ್ದರು: ಇವತ್ತು ಪಾಳಿ ಬದಲಾಗುವ ಭೋಂಗಾ ಕೂಗುವುದರೊಳಗೆ ಗಾಡಿ ಚಾಲೂ ಆದರೆ ಅಣ್ಣನ ಹಟ, ಇಲ್ಲದಿದ್ದರೆ ತಮ್ಮನದು.

ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಒಂದೇ ಕೆಟ್ಟಿತ್ತು. ಅದರ ಅಸಲಿ ಜೋಡಿಯನ್ನು ಗಡಹಿಂಗ್ಲಜದಿಂದ ಎಸ್ಟಿ ಬಸ್ಸಿನಲ್ಲಿ, ಮಡಿಲಲ್ಲಿಟ್ಟುಕೊಂಡು ತಂದವಳು ಬಾಳವ್ವ. ಈಗ ಗಾಡಿಗೆ ಕೂರಿಸಿದ್ದು ಅದನ್ನೇ. ಅವಳ ಗಂಡ ಭೀಮಗೊಂಡ ಮೋಟಾರು ಮಿಸ್ತ್ರಿ. ತೀರಿಕೊಂಡು ಆರು ವರ್ಷ. ಅವನು ಬಿಟ್ಟುಹೋದ ಎರಡು ಕೋಣೆ ಸಾಮಾನನ್ನು ತೂಕಕ್ಕೆ ಹಾಕೆಂದು ಓಣಿಯೆಲ್ಲ ಹೇಳಿತ್ತು. ಬಾಳವ್ವ ಯಾರಿಗೂ ಸೊಪ್ಪು ಹಾಕಿರಲಿಲ್ಲ.

“ನಿಮ್ಮ ಮಾಲ ನೋಡಾಕಷ್ಟ ಚಂದ ಐತ್ರಿ ಅವ್ವಾ. ಗುಜರಿಗಿ ಹಾಕಿಬಿಡ್ರಿ,” ಎಂದು ಮಹಾವೀರ ನಕ್ಕ.

ಬಾಳವ್ವನ ಮೈ ಉರಿದುಹೋಯಿತು. ತನ್ನನ್ನು ಅಂದಿದ್ದರೆ ಬಿಡುತ್ತಿದ್ದಳು. ಇದು ಭೀಮಗೊಂಡನ ಕೈಯ ಸಾಮಾನು.

“ಅದರ ಮುಚ್ಚಳಾ ಬಿಚ್ಚ ತಮ್ಮಾ!” ಎಂದಳು.

ಮುಚ್ಚಳ ತೆಗೆದರೆ ಒಳಗೆಲ್ಲ ಹಳದಿ. ಕುಂಥುನಾಥ ಬಗ್ಗಿ ನೋಡಿ, “ಇದೇನ್ರಿ ಬಾಳವ್ವಾರ, ಅರಿಷಿಣಾ?” ಎಂದ.

ಬಾಳವ್ವ ಹಣೆ ಬಡಿದುಕೊಂಡಳು. “ಅಯ್ಯ ಶಿವನ! ವರ್ಷಾ ದಸರಾದ ಖಂಡೇಪೂಜಿಗಿ ಒಂದೊಂದ ಸಾಮಾನ ತಗದ, ಚಿಮಣಿ ಎಣ್ಣ್ಯಾಗ ತೊಳದ, ಎಣ್ಣಿ ಹಚ್ಚತಿದ್ನೋ. ನಮ್ಮ ಮನಿಯವರು ಮ್ಯಾಲಷ್ಟ ಪೂಜಿ ಮಾಡತಿದ್ರು. ನಾ ಶಾಣ್ಯಾಕಿ, ದೇವರು ಒಳಗ ಇರ್ತಾನಂತ ಒಳಗೂ ಅರಿಷಿಣಾ, ವಿಭೂತಿ ಏರಿಸೇನಿ!”

ಆರು ವರ್ಷದ ಭಕ್ತಿ ಕಿಡಿ ಹಾರುವ ಜಾಗದಲ್ಲೇ ಗಟ್ಟಿಯಾಗಿ ಕೂತಿತ್ತು. ಬಾಳವ್ವ ಸೊಂಟದ ಚೀಲದಿಂದ ಬಸ್ಸಿನ ಟಿಕೀಟು ತೆಗೆದು, ಪೆಟ್ರೋಲಿನಲ್ಲಿ ಅದ್ದಿ, ಎರಡು ಪಾಯಿಂಟಿನ ನಡುವೆ ಎಳೆದಳು. ಗಂಡ ಹೀಗೆ ಮಾಡುವುದನ್ನು ಸಾವಿರ ಸಲ ನೋಡಿದ್ದಳು. ಹಳದಿ ಬಿಟ್ಟು ಲೋಹ ಹೊಳೆಯುವವರೆಗೆ ಬಿಡಲಿಲ್ಲ. ಮುಚ್ಚಳ ಬಿಗಿದು, ಸೀರೆ ಮೇಲೆ ಕಟ್ಟಿ, ಹ್ಯಾಂಡಲಿಗೆ ತಾನೇ ಕೈ ಹಾಕಿದಳು.

“ಅವ್ವಾ, ಬ್ಯಾಡ್ರಿ, ತಿರುಗಿ ಬಡೀತೈತಿ!” ಎಂದು ಮಹಾವೀರ ಗಾಬರಿಯಾದ.

“ಹೆಬ್ಬಟ್ಟ ಹೊರಗಿಟ್ರ ಬಡಿಯೂದಿಲ್ಲ. ಸರಿ ಆಕಡೆ.”

ಅರ್ಧ ಸುತ್ತು. ಇಂಜಿನ್ನು ಗುಡುಗಿತು, ಹೊಗೆ ಉಗುಳಿತು, ಆಮೇಲೆ ಹದವಾಗಿ ಓಡತೊಡಗಿತು. ಆ ಸದ್ದಿನಲ್ಲಿ ಭೋಂಗಾ ಕೂಗಿದ್ದು ಯಾರಿಗೂ ಸರಿಯಾಗಿ ಕೇಳಲಿಲ್ಲ. ಎರಡೂ ಪಾಳಿಯವರು ಅಂಗಳಕ್ಕೆ ನುಗ್ಗಿ ಬಂದರು. ಕುಂಥುನಾಥ ಮಕ್ಕಳಂತೆ ಅತ್ತ. ಸೋತ ಮಹಾವೀರನೇ ಎಲ್ಲರಿಗಿಂತ ಮೊದಲು ಸ್ಟೇರಿಂಗ್ ಹಿಡಿದು ಕೂತಿದ್ದ.

“ಬರ್ರಿ ಅವ್ವಾ, ಸ್ಟ್ಯಾಂಡಿಗಿ ಬಿಡತೇನಿ.”

ಬಾಳವ್ವ ಮುಂದಿನ ಸೀಟಿನಲ್ಲಿ ಕೂತು ಸೆರಗು ಸರಿಪಡಿಸಿಕೊಂಡಳು.

“ಸ್ಟ್ಯಾಂಡ ಯಾಕೋ? ಗಡಹಿಂಗ್ಲಜಕ್ಕ ನಡಿ. ನಮ್ಮ ಓಣ್ಯಾಗ ಒಂದ ಸುತ್ತ ಹಾಕೂಣು.”

ಊರು ಬಂದಾಗ ಇನ್ನೂ ಬಿಸಿಲಿತ್ತು. ಓಣಿಯ ತಿರುವಿನಲ್ಲಿ ಮಹಾವೀರ ಜೋರು ಮಾಡಲು ಹೋದ. ಬಾಳವ್ವ ಅವನ ತೋಳು ಹಿಡಿದಳು.

“ಸಾವಕಾಶ ಹೊಡಿ ತಮ್ಮಾ. ಎಲ್ಲಾರೂ ಹೊರಗ ಬರ್ಲಿ.”

ಗಾಡಿ ನಡೆಯುವವರ ವೇಗಕ್ಕಿಳಿಯಿತು. ಒಂದೊಂದಾಗಿ ಬಾಗಿಲುಗಳು ತೆರೆದವು.