ಇಪ್ಪತ್ತೆರಡು ಗೋಣಿಚೀಲ

ವಿನುತಾ ಸೀಟಿನ ಸಂದಿಗೆ ಬೆರಳು ತೂರಿಸಿ ಶೇಂಗಾ ಸಿಪ್ಪೆ ಹೆಕ್ಕುತ್ತಿದ್ದಳು. ಕಸಬರಿಗೆ ಹೋಗದ ಜಾಗ ಅದು. ಎಡಗೈಯಲ್ಲಿ ಹಳೆಯ ಐಸ್‌ಕ್ರೀಮ್ ಡಬ್ಬಿ. ಎಂಟನೆಯ ಸಾಲು ಮುಗಿಸಿ ಒಂಬತ್ತಕ್ಕೆ ಬಂದವಳು ಮೊದಲ ಸೀಟನ್ನು ಮೇಲೆತ್ತಿ ಬಿಟ್ಟಳು. ಠಪ್ ಎಂದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಠಪ್ ಕೇಳಿಸಿತು.

ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಸೀಟನ್ನು ಮತ್ತೊಮ್ಮೆ ಎತ್ತಿ ಬಿಟ್ಟಳು. ಮತ್ತೆ ಎರಡು ಠಪ್.

ಮೂರು ವರ್ಷದಿಂದ, ದಿನವೂ ಅಮದಳ್ಳಿಯಿಂದ ಎಂಟರ ಬಸ್ಸಿಗೆ ಬಂದು, ಕೋಡಿಬಾಗದ ಈ ರಂಗಮಂದಿರದ ಸಾವಿರದ ಇನ್ನೂರು ಸೀಟುಗಳ ಕೆಳಗೆ ಬಗ್ಗಿದವಳು ಅವಳು. ಯಾವ ಸೀಟಿನ ಮೊಳೆ ಸಡಿಲ, ಯಾವ ಫ್ಯಾನು ಕಿರುಗುಟ್ಟುತ್ತದೆ ಎನ್ನುವುದು ಅವಳಿಗೆ ಗೊತ್ತು. ಆದರೆ ಈ ಸಭಾಂಗಣ ಎಂದೂ ಹೀಗೆ ತಿರುಗಿ ಮಾತಾಡಿದ್ದಿಲ್ಲ.

ಸ್ಟೇಜಿನ ಎರಡೂ ಬದಿಗೆ ಹೊಸ ಸ್ಪೀಕರ್ ಪೆಟ್ಟಿಗೆಗಳು, ಒಂದರ ಕೆಳಗೊಂದು, ಬಾಳೆಗೊನೆಯ ಹಾಗೆ ತೂಗುತ್ತಿದ್ದವು. ಅವನ್ನು ಕೂರಿಸಲು ಹುಬ್ಬಳ್ಳಿಯ ಕಂಪನಿ ಕಳಿಸಿದವನು ಕೌಶಿಕ್, ಯಲ್ಲಾಪುರ ಕಡೆಯ ತರುಣ. ಅವನು ಸೀಟುಗಳ ನಡುವೆ ಪೆನ್ಸಿಲಿನಷ್ಟು ಸಪೂರದ ಮೈಕು ನಿಲ್ಲಿಸಿ, ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಪೆಟ್ಟಿಗೆಗಳಿಂದ ಶ್ಶ್ ಎಂಬ ಸದ್ದು ಹೊರಟು ಇಡೀ ಸಭಾಂಗಣ ತುಂಬಿತು. ಪರದೆಯ ಮೇಲೊಂದು ಹಸಿರು ಗೆರೆ ನಡುಗಿತು. ವಿನುತಾಳ ಕೈ ಸಂದಿಯಲ್ಲೇ ನಿಂತಿತು. ಶಬ್ದಕ್ಕೆ ಗೆರೆ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಎಂತದೆ ಇದು, ದೋಸೆ ಹೊಯ್ದಂಗೆ ಶಬ್ದ!" ಜೊತೆಗೆ ಗುಡಿಸುವ ಗಂಗೂ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಇದ್ಕಾ ಅಷ್ಟು ದೊಡ್ಡ ಪೆಟ್ಗೆ ತಂದದ್ದು? ನಮ್ಮನೆ ಕಾವ್ಲಿ ಕೊಡ್ತಿದ್ದೆ."

ವಿನುತಾ ನಕ್ಕಳು. ಅವಳ ನಗುವಿಗೆ ಸದ್ದಿರುತ್ತಿರಲಿಲ್ಲ.

ಮ್ಯಾನೇಜರ್ ಹೇರಂಬ ಹೆಗಡೆ ಮೈಕು ಹಿಡಿದು ಸ್ಟೇಜಿನ ಮೇಲೆ ನಿಂತರು. "ಆತ್ಮೀಯ ಪ್ರೇಕ್ಷಕರೇ..." ಎಂದರು. 'ಪ್ರೇಕ್ಷಕರೇ' ಎಂಬ ಮಾತು ಒಮ್ಮೆ ಕೇಳಿ, ಹಿಂದಿನ ಗೋಡೆ ಮುಟ್ಟಿ, ಇನ್ನೊಮ್ಮೆ ಬಂತು.

"ಒಬ್ರ ಭಾಷಣವೇ ಸಾಕಾಗಿತ್ತು, ಈಗ ಇಬ್ರಾದ್ರು" ಎಂದು ಗಂಗೂ ಸೆರಗಿನೊಳಗೇ ಹೇಳಿದಳು.

ಹೆಗಡೆಯವರ ಮುಖ ಕೆಂಪಾಯಿತು. "ಹಳೇದ್ರಲ್ಲಿ ಇದೆಲ್ಲ ಇರ್ಲಿಲ್ಲ ಮಾರಾಯ! ಶನಿವಾರ ನಾಟಕ. ಟಿಕೆಟ್ ಎಲ್ಲ ಹೋಗಿದೆ."

"ಪೆಟ್ಟಿಗೆ ಸರಿ ಇದೆ ಸಾರ್" ಎಂದ ಕೌಶಿಕ್. "ಹಿಂದಿನ ಗೋಡೆ ಶಬ್ದವನ್ನ ವಾಪಸ್ ಕಳಿಸ್ತಾ ಇದೆ."

"ಗೋಡೆ ಮೂವತ್ತು ವರ್ಷದಿಂದ ಅಲ್ಲೇ ಇದೆಯಲ್ಲ!"

ಕೌಶಿಕ್ ಗೋಡೆಯನ್ನು ನೋಡಿದ. ಹೊಸ ಬಣ್ಣ ಬಳಿದ, ನುಣ್ಣನೆಯ ಗೋಡೆ. ವಿನುತಾಳೂ ನೋಡಿದಳು.

ಹಿಂದಿನ ವಾರ ಆ ಗೋಡೆಯ ಮುಂದೆ ನೀಲಿ ಪರದೆ ಇತ್ತು. ಅದನ್ನು ಬಿಚ್ಚಿದಾಗ ಒಳಗೆ ಗೋಣಿಚೀಲಗಳು ಸಾಲಾಗಿ ನೇತಾಡುತ್ತಿದ್ದವು. ಒಳಗೆ ಹಳೆಯ ಮೀನುಬಲೆ ತುಂಬಿ, ಹಾಸಿಗೆಯ ಹಾಗೆ ಚಪ್ಪಟೆಯಾಗಿ ಹೊಲಿದ ಚೀಲಗಳು. "ಇಲಿ ಗೂಡು, ಎಲ್ಲ ಹೊರಗೆ ಹಾಕಿ" ಎಂದಿದ್ದರು ಹೆಗಡೆ. ಅವಳೂ ಗಂಗೂವೂ ಎಳೆದು ಹಿತ್ತಲಿಗೆ ಹಾಕಿದ್ದರು. ಇಷ್ಟು ಒತ್ತಾಗಿ ಯಾರು ಹೊಲಿದಿರಬಹುದು ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಕೇಳಿರಲಿಲ್ಲ. ಕೇಳುವುದು ಅವಳಿಗೆ ಎಂದೂ ಬಾರದ ಕೆಲಸ. ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟಾಗಲೂ ಯಾಕೆ ಎಂದು ಯಾರನ್ನೂ ಕೇಳಿರಲಿಲ್ಲ.

ಚಹಾದ ಹೊತ್ತಿಗೆ ಅವಳು ಹೊಳೆಯ ಕಡೆಯ ಗೇಟಿಗೆ ಹೋದಳು. ಗೇಟಿನ ಹೊರಗೆ ಬಾದಾಮಿ ಮರದ ಕೆಳಗೆ ಮಾಬ್ಲಣ್ಣ ಕೂತಿದ್ದ. ಕಾಗದದಲ್ಲಿ ಮಹಾಬಲೇಶ್ವರ, ಊರಿಗೆಲ್ಲ ಮಾಬ್ಲಣ್ಣ. ಇಪ್ಪತ್ತೆಂಟು ವರ್ಷ ಇಲ್ಲಿಯ ಸೌಂಡ್ ರೂಮು ನೋಡಿಕೊಂಡವನು. ಕಾರ್ಯಕ್ರಮವಿದ್ದಾಗ ವಿನುತಾ ಆ ಕೋಣೆಯ ಬಾಗಿಲಲ್ಲಿ ಕೂತು ಅವನ ಬೆರಳುಗಳನ್ನೇ ನೋಡುತ್ತಿದ್ದಳು. 'ಮಳೆಗಾಲ ಮುಗೀಲಿ, ಕಲಿಸ್ತೆ' ಎಂದಿದ್ದ. ಮಳೆಗಾಲ ಮುಗಿಯುವ ಮೊದಲೇ ಹೊಸ ಪೆಟ್ಟಿಗೆಗಳು ಬಂದವು. 'ಇನ್ನು ಕಂಪನಿಯವರೇ ನೋಡ್ಕೋತಾರೆ, ನೀವು ಆರಾಮಾಗಿರಿ' ಎಂದರು ಹೆಗಡೆ. ಅವತ್ತಿನಿಂದ ಮಾಬ್ಲಣ್ಣ ದಿನವೂ ಕೆಲಸದ ಹೊತ್ತಿಗೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಗೇಟಿನ ಹೊರಗೆ ಕೂತು ಅಳಿಯನ ಬಲೆ ಹೆಣೆಯುತ್ತಿದ್ದ. ಗೇಟು ದಾಟುತ್ತಿರಲಿಲ್ಲ.

"ಎರ್ಡೆರ್ಡು ಸಲ ಕೇಳ್ತದೆ, ಅಲ್ವೆ?" ತಲೆ ಎತ್ತದೆ ಕೇಳಿದ.

ಅವಳು ಚಹಾದ ಲೋಟ ಅವನ ಪಕ್ಕ ಇಟ್ಟಳು. "ಆ ಚೀಲ..."

"ಮೊದಲ್ನೇ ವರ್ಷ ನಾಟಕದ ರಾಜ ಒಂದ್ಸಲ ಅತ್ರೆ ಗೋಡೆ ಇನ್ನೊಂದ್ಸಲ ಅಳ್ತಿತ್ತು. ಜನ ನಕ್ಕು ನಕ್ಕು ಬಿದ್ರು. ಪಾಪ, ರಾಜ ಸಾಯೂ ಸೀನು." ಮಾಬ್ಲಣ್ಣ ದಾರ ಹಲ್ಲಿನಲ್ಲಿ ಕತ್ತರಿಸಿದ. "ಬೈತಖೋಲ ಬಂದರಕ್ಕೆ ಹೋಗಿ ಹರಕು ಬಲೆ ಬೇಡಿ ತಂದೆ. ಇಪ್ಪತ್ತೆರಡು ಚೀಲ ಹೊಲ್ದೆ. ಚೊಲೋ ಕಾಣೂದಿಲ್ಲ ಅಂತ ಮುಂದೆ ಪರ್ದೆ ಬಿಟ್ಟೆ. ಆಮೇಲೆ ಅದು ಅಲ್ಲಿ ಅದೆ ಅಂತ ಎಲ್ರಿಗೂ ಮರ್ತೇಹೋಯ್ತು."

"ನಾನೇ ಎಳ್ದು ಹಾಕ್ದೆ, ಮಾಬ್ಲಣ್ಣ."

ಸೂಜಿ ಒಮ್ಮೆ ತಡೆಯಿತು. "ನಿಂಗೆ ಹೇಳ್ದೇ ಇದ್ದದ್ದು ನಾನು" ಎಂದ.

"ಅವ್ರಿಗೆ ಹೇಳಿ ಹಂಗಾರೆ."

"ಹೋಗು ಅಂದವ್ರು ಬಾ ಅನ್ಲಿ. ಕರೀದೇ ಒಳ್ಗೆ ಬರೂದಿಲ್ಲ ನಾನು."

ಅವಳು ಒಳಗೆ ಹೋದಳು. ಕೌಶಿಕ್ ಹತ್ತಿರ ನಿಂತಳು. ಕೊನೆಗೆ ಗೋಡೆಯ ಕಡೆ ಕೈ ತೋರಿಸಿ ನಡೆದಳು. ಏನೋ ಇದೆ ಎಂದು ಅವನೂ ಹಿಂದೆ ಬಂದ. ಬಣ್ಣ ಬಳಿದಿದ್ದರೂ ಹೊರಚಾಚಿದ್ದ ಮೊಳೆಗಳನ್ನು ಒಂದೊಂದಾಗಿ ಮುಟ್ಟಿಸಿದಳು. ಕೈಗೆಟುಕುವಲ್ಲಿ ಹನ್ನೊಂದು; ಮೇಲಿನ ಹನ್ನೊಂದನ್ನು ಬೆರಳಿನಿಂದ ತೋರಿಸಿದಳು.

"ಇಲ್ಲಿ ಏನಿತ್ತು?" ಕೌಶಿಕ್ ಕೇಳಿದ. ನಿಜವಾಗಿ ತಿಳಿಯಬೇಕೆಂದು ಕೇಳಿದ ದನಿ. ಅದಕ್ಕೇ ಇರಬೇಕು, ಅವಳು ಬಾಯಿ ಬಿಟ್ಟಳು.

"ಬಲೆ" ಎಂದಳು. "ಗೋಣಿಚೀಲದಲ್ಲಿ."

ಹಿತ್ತಲಲ್ಲಿ ಸಿಕ್ಕಿದ್ದು ಹದಿನಾರೇ. ಗಂಗೂ ಮುಖ ಆಚೆ ತಿರುಗಿಸಿದಳು. "ಆರು ನಮ್ಮನೇಲಿ ಅದೆ. ಬಸಳೆ ಸುತ್ತ ಕಟ್ಟಿದ್ದೆ, ಕೋಳಿ ಬರೂದಿಲ್ಲ ಅಂತ. ಕಸ ಅಂದವ್ರು ನೀವೇ ಅಲ್ವೆ ಹೆಗಡೇರೇ?" ಎಂದು ಗೊಣಗುತ್ತಲೇ ಹೋಗಿ, ಆಟೋದಲ್ಲಿ ಹೇರಿ ತಂದಳು. ಒಂದು ಚೀಲಕ್ಕೆ ಬಸಳೆಯ ಬಳ್ಳಿ ಇನ್ನೂ ಅಂಟಿಕೊಂಡಿತ್ತು.

ಏಣಿ ಹಾಕಿ ಎಲ್ಲವನ್ನೂ ಮತ್ತೆ ಮೊಳೆಗೆ ತೂಗುಹಾಕಿದರು. ಕೌಶಿಕ್ ಒಂದು ಚೀಲದ ಹೊಲಿಗೆಯ ಮೇಲೆ ಬೆರಳಾಡಿಸಿದ. "ಇದನ್ನ ಮಾಡಿದವರು ಎಲ್ಲಿದ್ದಾರೆ?"

ಯಾರೂ ಹೆಗಡೆಯವರ ಮುಖ ನೋಡಲಿಲ್ಲ. ವಿನುತಾ ಗೇಟಿನ ಕಡೆ ನೋಡಿದಳು. "ಹೊರ್ಗೆ, ಮಾಬ್ಲಣ್ಣ. ಮೊದ್ಲು ಸೌಂಡ್ ರೂಮು ಅವ್ನೇ ನೋಡ್ತಿದ್ದದ್ದು" ಎಂದಳು ಗಂಗೂ.

"ನಾಳೆ ಬೆಳಿಗ್ಗೆ ನಾನು ಹೊರಡ್ತೇನೆ ಸಾರ್" ಎಂದ ಕೌಶಿಕ್ ಹೆಗಡೆಯವರಿಗೆ. "ಮೆಷಿನ್ ನಡೆಸೋದು ಕಲಿಸಬಹುದು. ಈ ಜಾಗದ ಕಿವಿ ಕಲಿಸೋಕೆ ಆಗಲ್ಲ. ಅವರು ಇವತ್ತು ಬಂದ್ರೆ ಅವರಿಗೂ ಇವರಿಗೂ ತೋರಿಸಿ ಹೋಗ್ತೇನೆ. ಇಲ್ಲ ಅಂದ್ರೆ ಪ್ರತಿ ಕಾರ್ಯಕ್ರಮಕ್ಕೂ ಹುಬ್ಬಳ್ಳಿಯಿಂದ ಜನ ಬರಬೇಕು."

ಇವರಿಗೂ ಎಂದದ್ದು ತನಗೇ ಎಂದು ತಿಳಿಯಲು ವಿನುತಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೆಗಡೆಯವರು ಕನ್ನಡಕ ತೆಗೆದು ಒರೆಸಿದರು. "ನಾ ಬರ್ಬೇಡ ಅಂತ ಎಲ್ಲಿ ಹೇಳಿದ್ದೆ? ಆರಾಮಾಗಿರಿ ಅಂದಿದ್ದೆ. ಬರ್ಲಿ, ಇದ್ರೆ ಇರ್ಲಿ. ಕರೀರಿ ಯಾರಾದ್ರೂ." ಹಾಗೆಂದು ಅವರು ಆಫೀಸಿನ ಕಡೆ ಹೊರಟುಹೋದರು.

"ಟೆಸ್ಟ್ ಮಾಡೋಕೆ ಹೇಗೂ ಒಂದು ದನಿ ಬೇಕಿತ್ತು" ಎಂದ ಕೌಶಿಕ್, ಮೈಕನ್ನು ವಿನುತಾಳ ಕೈಗಿಟ್ಟು. "ಗೇಟಿನ ಸ್ಪೀಕರೂ ಚಾಲೂ ಇದೆ. ಮಾತಾಡಿ."

ಅವಳು ಸ್ಟೇಜಿನ ನಡುವೆ ನಿಂತಳು. ಅವಳು ಗುಡಿಸಿದ ಸಾವಿರದ ಇನ್ನೂರು ಸೀಟುಗಳು ಅವಳ ಕಡೆಗೇ ಮುಖ ಮಾಡಿ ಕೂತಿದ್ದವು. ಮೈಕು ಅವಳಂದುಕೊಂಡದ್ದಕ್ಕಿಂತ ಭಾರವಿತ್ತು. ತೆರೆದ ಬಾಗಿಲಿನಾಚೆ ಬಾದಾಮಿ ಮರ, ಅದರ ಕೆಳಗೆ ಬಿಳಿ ಅಂಗಿಯ ಬೆನ್ನು, ಆಚೆ ಕಾಳಿ ಹೊಳೆಯ ನೀರು.

"ಮಾಬ್ಲಣ್ಣ" ಎಂದಳು.

ಅವಳ ದನಿ ಸಾಲು ಸಾಲು ದಾಟಿ ಹಿಂದಿನ ಗೋಡೆಗೆ ಹೋಯಿತು. ತಿರುಗಿ ಬರಲಿಲ್ಲ. ಸೌಂಡ್ ರೂಮಿನ ಕಿಟಕಿಯಲ್ಲಿ ಕೌಶಿಕ್ ಹೆಬ್ಬೆರಳು ಎತ್ತಿದ. ಹೊರಗೆ, ಬಲೆಯ ಮೇಲೆ ಆಡುತ್ತಿದ್ದ ಕೈ ನಿಂತಿತು.

"ಹೆಗಡೇರು ಕರೀರಿ ಅಂದ್ರು" ಎಂದಳು. ಆಮೇಲೆ, ಅದು ಸಾಲದು ಅನ್ನಿಸಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನೂ ಕರೀತೆ. ಒಳ್ಗೆ ಬನ್ನಿ, ಮಾಬ್ಲಣ್ಣ."

ಗೋಡೆ ಏನೂ ಹೇಳಲಿಲ್ಲ. ಮರದ ಕೆಳಗಿನ ಬಿಳಿ ಅಂಗಿ ಎದ್ದು, ಬಲೆ ಮಡಚಿ, ಗೇಟು ದಾಟಿತು.