ಟಂಟಂನ ಬಿಳಿ ದೀಪ ಮಗ್ಗಕ್ಕೆ ಬಂದದ್ದು

ಟಂಟಂ ಗಾಡಿಯ ಹಿಂದಿನ ಗಾಲಿಗೆ ಮೆತ್ತಿದ್ದ ಎರೆಮಣ್ಣನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದ ಸಾವಿತ್ರೆವ್ವ ಅರ್ಧಕ್ಕೆ ಕೈ ನಿಲ್ಲಿಸಿ ಒಳಗಿನ ಸಪ್ಪಳಕ್ಕೆ ಕಿವಿಗೊಟ್ಟಳು. ಪಡಸಾಲೆಯಲ್ಲಿ ಗಂಡ ಕನಕಪ್ಪನ ಗೊರಕೆ ಲಾಳಿಯ ಹಾಗೆ ಅತ್ತಿಂದಿತ್ತ ಓಡಾಡುತ್ತಿತ್ತು. ಊಟ ಮಾಡಿ ಅಡ್ಡಾದನೆಂದರೆ ಹುನಗುಂದದ ಸಂಜೆ ಟ್ರಿಪ್ಪಿನ ಹೊತ್ತಿಗೇ ಅವನು ಏಳುವುದು. ಅವಳು ನಾರನ್ನು ಬಕೀಟಿಗೆ ಒಗೆದು, ಸೆರಗಿಗೆ ಗಂಟು ಹಾಕಿಕೊಂಡಿದ್ದ ಕತ್ತರಿ ತೆಗೆದು, ಗಾಡಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿದಳು.

ಇಳಕಲ್ಲಿನಲ್ಲಿ ಜನ ಸಾಗಿಸುವ ಮೂರು ಗಾಲಿಯ ಟಂಟಂಗಳು ಎಷ್ಟೋ ಇದ್ದವು. ಆದರೆ ಕನಕಪ್ಪನ ಗಾಡಿ ಬರುತ್ತಿದ್ದರೆ ಮದುವೆ ಮೆರವಣಿಗೆಯೇ ಬಂತೆಂದು ಹುಡುಗರು ಮನೆಯಿಂದ ಹೊರಗೆ ಓಡಿಬರುತ್ತಿದ್ದರು. ಹೊಸದಾಗಿ ಎಲ್‌ಇಡಿ ಪಟ್ಟಿಗಳು ಬಂದಿದ್ದ ಕಾಲ ಅದು. ಬಸ್‌ಸ್ಟ್ಯಾಂಡಿನ ಎದುರು ಗಾಡಿ ವೈರಿಂಗ್ ಅಂಗಡಿ ಇಟ್ಟಿದ್ದ ರಾಜಮಹ್ಮದ ಮೊದಲು ದೇವರ ಫೋಟೋದ ಸುತ್ತ ಕೆಂಪು ಪಟ್ಟಿ ಅಂಟಿಸಿಕೊಟ್ಟ. ಆಮೇಲೆ ನಂಬರ್ ಪ್ಲೇಟಿಗೆ ಹಸಿರು, ಹೊಟ್ಟೆಯ ಕೆಳಗೆ ನೀಲಿ, ಜನ ಕೂಡ್ರುವ ಟಪ್ಪಿನ ಒಳಗೆ ಬಿಳಿ. ಇಷ್ಟು ದೀಪಕ್ಕೆ ಹಳೆಯ ಬ್ಯಾಟರಿ ಸಾಲದೆಂದು ಕನಕಪ್ಪ ಹೊಸ ಬ್ಯಾಟರಿಯನ್ನೂ ಹಾಕಿಸಿದ. ಹಳೆಯದು ಜೋಳದ ಚೀಲದ ಪಕ್ಕದಲ್ಲಿ ನಿವೃತ್ತಿಯಾಗಿ ಕುಳಿತಿತ್ತು.

ಸಾವಿತ್ರೆವ್ವನ ಮಗ್ಗ ಮಾತ್ರ ಕಿಟಕಿಯಿಲ್ಲದ ನಡುಮನೆಯಲ್ಲಿತ್ತು. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಹಾಡುಹಗಲೇ ಕತ್ತಲು. ಇದ್ದೊಂದು ಬಲ್ಬಿಗೆ ಕರೆಂಟು ಬರುವುದು ಬೀಗರು ಬಂದ ಹಾಗೆ, ಬಂದರೂ ನಿಲ್ಲುವುದಿಲ್ಲ. ನೇಯುವುದೇನೋ ಕೈಗೆ ಗೊತ್ತಿತ್ತು. ಕಷ್ಟವಿದ್ದದ್ದು ಕೊಂಡಿ ಹಾಕುವುದರಲ್ಲಿ. ಇಳಕಲ್ ಸೀರೆಯ ಮೈಯ ಎಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ, ಒಂದೊಂದೇ ಎಳೆಯನ್ನು ಕೂಡಿಸಬೇಕು. ಹಿಂದಿನ ಎರಡು ಸೀರೆಗಳಲ್ಲಿ ಅವಳ ಕೊಂಡಿ ಅಲ್ಲಲ್ಲಿ ತಪ್ಪಿತ್ತು.

"ಕಣ್ಣು ಹೋದವು ತಗೊ. ವಯಸ್ಸಾತು," ಎಂದಿದ್ದ ಕನಕಪ್ಪ, ಮೊಬೈಲನ್ನು ಮೊಳ ದೂರ ಹಿಡಿದು ಯಾರ ಫೋನೆಂದು ನೋಡುತ್ತಾ.

"ವಯಸ್ಸಲ್ಲರಿ, ಕತ್ತಲಿ. ನಿಮ್ಮ ಗಾಡ್ಯಾಗಿನ ಒಂದು ಪಟ್ಟಿ ಕೊಡ್ರಿ."

"ಮಗ್ಗಕ್ಕ ಯಾಕ ಲೈಟು? ಮಗ್ಗೇನು ಹುನಗುಂದಕ್ಕ ಹೊಂಟೈತೇನು?"

ಕಣ್ಣು ಹೋದವು ಎಂಬ ಮಾತು ಚುಚ್ಚಲು ಕಾರಣವಿತ್ತು. ಶ್ರಾವಣದಲ್ಲಿ ನವನಗರದ ಒಂದು ಮಹಿಳಾ ಸಂಘದಿಂದ ಅವಳಿಗೆ ಕಾಗದ ಬಂದಿತ್ತು. ದೀಪಾವಳಿ ಮುಗಿದ ಮೇಲೆ ಮೂರು ತಿಂಗಳು ಅಲ್ಲೇ ಉಳಿದು ಹುಡುಗಿಯರಿಗೆ ಕೊಂಡಿ ಹಾಕುವುದನ್ನು ಕಲಿಸಬೇಕು, ಬರುವಿರೋ ಇಲ್ಲವೋ ತಿಳಿಸಿ ಎಂದು. ರಾತ್ರಿ ಶಾಲೆಯಲ್ಲಿ ತಿದ್ದಿದ ಅಕ್ಷರದಲ್ಲಿ ಸಾವಿತ್ರೆವ್ವ ಅಂದೇ ಉತ್ತರ ಬರೆದಿದ್ದಳು. 'ತಮ್ಮ ಕಾಗದ ಮುಟ್ಟಿತು. ಕೊಂಡಿ ಕಲಿಸಲು ನಾನು' ಎಂಬಲ್ಲಿಗೆ ಬಂದು ಪೆನ್ನು ನಿಂತುಬಿಟ್ಟಿತ್ತು. ಬರುತ್ತೇನೆ ಎನ್ನಬೇಕೋ, ಬರಲಾರೆ ಎನ್ನಬೇಕೋ? ಕಣ್ಣೇ ಹೋಗಿದ್ದರೆ ಮಂದಿಯ ಮಕ್ಕಳಿಗೆ ಏನು ಕಲಿಸುವುದು? ಆ ಒಂದು ಮಾತಿನ ಜಾಗ ಖಾಲಿ ಬಿಟ್ಟು, ಕೆಳಗೆ ಸಹಿ ಮಾಡಿ, ಗಂಡನಿಗೂ ಹೇಳದೆ ಕಾಗದವನ್ನು ಗೋಡೆಯ ಗೂಡಿನಲ್ಲಿಟ್ಟಿದ್ದಳು. ದಸರೆಯೂ ಕಳೆಯಿತು. ಹೋದದ್ದು ಕಣ್ಣೋ ಬೆಳಕೋ ಎನ್ನುವುದು ಮೊದಲು ತಿಳಿಯಬೇಕಿತ್ತು.

ಹಾಗಾಗಿ ಈ ಕತ್ತರಿ.

ಪಟ್ಟಿಯ ಮೇಲೆ ಮೂರು ಮೂರು ದೀಪಕ್ಕೊಂದು ಗೆರೆ ಇರುತ್ತದೆ, ಅಲ್ಲೇ ಕತ್ತರಿಸಬೇಕು ಎಂದು ಹೇಳಿಕೊಟ್ಟವಳು ರಾಜಮಹ್ಮದನ ಹೆಂಡತಿ ಶಹರಬಾನು. ಗಂಡ ಗಾಡಿಗಳ ಕೆಳಗೆ ಮಲಗಿದ್ದರೆ ಅಂಗಡಿಯ ಕಟ್ಟೆಯ ಮೇಲೆ ಕೂತು ತಂತಿಗೆ ಬೆಸುಗೆ ಹಾಕುವವಳು ಅವಳೇ. ಹಳೆಯ ಬ್ಯಾಟರಿಯನ್ನು ಒಂದು ದಿನ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ, ಬುಟ್ಟಿಯಲ್ಲಿಟ್ಟು ಮೇಲೆ ಮೆಂತೆಪಲ್ಲೆ ಮುಚ್ಚಿ ತಂದುಕೊಟ್ಟಿದ್ದಳು.

ಪಟ್ಟಿ ಕತ್ತರಿಸಿದ ಮರುದಿನ ಶಹರಬಾನು ಬಂದಾಗ ಸಾವಿತ್ರೆವ್ವ ಬ್ಯಾಟರಿಯ ಮುಂದೆ ಸೂತಕದವರಂತೆ ಕೂತಿದ್ದಳು.

"ಹಚ್ಚಿದೆ, ಹತ್ತಲಿಲ್ಲ. ಸತ್ತ ಹೋತೇನ ಶಹರಾ?"

"ಸತ್ತಿಲ್ಲಕ್ಕಾ, ಮುನಿಸ್ಕೊಂಡೈತಿ. ತಂತಿ ಅದಲು ಬದಲು ಹಾಕೀದಿ. ಕೆಂಪು ತಂತಿ ಈ ಕಡೆ, ಕರೇದು ಆ ಕಡೆ." ಶಹರಬಾನು ತಂತಿ ತಿರುವಿ ಹಿಡಿದಳು. ಪಟ್ಟಿ ಜಗ್ಗನೆ ಹೊತ್ತಿತು. "ಬಲ್ಬಿಗೆ ಹೆಂಗ ಹಾಕಿದ್ರೂ ನಡೀತೈತಿ. ಇದು ಗಂಡಸರ ಹಂಗ ನೋಡಕ್ಕಾ, ಅದರ ದಿಕ್ಕಿನಿಂದ ಹೋದ್ರ ಮಾತು ಕೇಳ್ತೈತಿ. ಎದುರ ಹೋದ್ರ ಸುಮ್ಮನ ಕುಂದರ್ತೈತಿ."

"ಕೈಗೆ ಕರೆಂಟ್ ಹೊಡಿಯೂದಿಲ್ಲಲ್ಲ?"

"ಹನ್ನೆರಡು ವೋಲ್ಟಿಗೆ ಎಲ್ಲಿ ಶಕ್ತಿ ಐತಿ? ನಿಮ್ಮ ಯಜಮಾನ್ರ ಸಿಟ್ಟಿನಷ್ಟ. ಬೆಳಕು ಭಾಳ, ಬಿಸಿ ಇಲ್ಲ. ಹಂಗಂತ ಬ್ಯಾಟರಿಯ ಎರಡೂ ತಲಿ ಒಂದಕ್ಕೊಂದು ಮುಟ್ಟಿಸಬ್ಯಾಡ ಮತ್ತ, ಕಿಡಿ ಹಾರ್ತಾವು."

ಮಗ್ಗದ ಮೇಲಿನ ಅಡ್ಡ ಬಿದಿರಿಗೆ ನೀಲಿ ಪಟ್ಟಿ ಕಟ್ಟಿದರು. ನಡುಮನೆ ಹೊಂಡದ ತಳದಂತೆ ನೀಲಿಯಾಯಿತು. ಸಾವಿತ್ರೆವ್ವ ಹಿಗ್ಗಿ, ಮಗ್ಗದ ಮೇಲಿದ್ದ ಕರಿ ಮೈಯ ಸೀರೆಗೆ ಸೆರಗು ನೇಯಲು ಕೂತಳು. ಬುಟ್ಟಿಯಿಂದ ದಾಳಿಂಬ ಕೆಂಪಿನ ರೇಷ್ಮೆ ತೆಗೆದು ಕಂಡಿಕೆ ಸುತ್ತಿ, ಲಾಳಿಗಿಟ್ಟು, ಸಂಜೆಯೊಳಗೆ ನಾಲ್ಕು ಬೆರಳು ಸೆರಗು ನೇಯ್ದಳು. ಕಣ್ಣಿಗೆ ಒಂದಿಷ್ಟೂ ತ್ರಾಸಾಗಲಿಲ್ಲ.

ಬೆಳಿಗ್ಗೆ ಬಾಗಿಲು ಪೂರ್ತಿ ತೆರೆದು ನೋಡಿದರೆ, ಕೆಂಪು ಸೆರಗು ಇರಬೇಕಾದಲ್ಲಿ ನಾಲ್ಕು ಬೆರಳು ಇದ್ದಲಿನಂಥ ಕಪ್ಪು! ನೀಲಿ ಬೆಳಕಿನಲ್ಲಿ ಕೆಂಪೂ ಕಪ್ಪೇ, ಕಪ್ಪೂ ಕಪ್ಪೇ. ಕೆಂಪೆಂದು ಅವಳು ಬುಟ್ಟಿಯಿಂದ ತೆಗೆದದ್ದು ಕರಿ ರೇಷ್ಮೆಯ ಲಡಿ.

ಮಧ್ಯಾಹ್ನ ಬಂದು ನೋಡಿದ ಶಹರಬಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. "ಅಯ್ಯ ಅಕ್ಕಾ, ಸೆರಗಿಗೆ ದೃಷ್ಟಿಬೊಟ್ಟು ಇಟ್ಟೀಯಲ್ಲ!"

"ನಗಬ್ಯಾಡ. ಕೂತು ಬಿಚ್ಚಾಕಿ ನಾನು. ಬಿಳೇ ಪಟ್ಟಿ ಕೊಡು."

"ಅಂಗಡ್ಯಾಗ ಬಿಳೇದು ಇಲ್ಲ. ಟಂಟಂನವರೆಲ್ಲಾ ನೀಲಿ ಬೇಕು, ಕೆಂಪು ಬೇಕು ಅಂತಾರ. ಇದ್ದದ್ದು ಒಂದ. ಅದು ಎಲ್ಲೈತಿ ಅಂತ ನಿನಗ ಗೊತ್ತೈತಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಪಡಸಾಲೆಯಲ್ಲಿ ಗೊರಕೆ ನಡೆದಿತ್ತು. ಸ್ವಲ್ಪ ಹೊತ್ತಿನಲ್ಲಿ ಟಪ್ಪಿನ ಒಳಗಿನ ಬಿಳಿ ಪಟ್ಟಿ ಮಗ್ಗಕ್ಕೆ ಬಂತು. ಜಾಗ ಖಾಲಿ ಕಂಡರೆ ಗಂಡನಿಗೆ ಬೇಸರವಾದೀತೆಂದು ಸಾವಿತ್ರೆವ್ವ ನೀಲಿ ಪಟ್ಟಿಯನ್ನು ಅಲ್ಲಿಗೆ ಅಂಟಿಸಿದಳು. ಹೊಟ್ಟೆಯ ಕೆಳಗೆ ಬಗ್ಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಬಿಳಿ ಬೆಳಕಿನಲ್ಲಿ ಕರಿ ಎಳೆ ಬಿಚ್ಚಿ, ಕೆಂಪು ಹಾಕಿ ಎರಡು ದಿನದಲ್ಲಿ ಸೆರಗು ಮುಗಿಸಿದಳು. ಇನ್ನು ಮುಂದಿನ ಸೀರೆಯ ಕೊಂಡಿ. ಮೊದಲ ಕುಣಿಕೆ ಹಿಡಿದಳು, ಕಂಡಿತು. ಎರಡನೆಯದೂ ಕಂಡಿತು. ಎಳೆಯ ಮೇಲಿನ ಜುಂಗು ಕೂಡ ಕಂಡಿತು. ಬೆರಳುಗಳು ತವರಿಗೆ ಹೊರಟವರ ಹಾಗೆ ಓಡತೊಡಗಿದವು.

ಎರಡು ದಿನ ಹೊತ್ತಿರುವಾಗಲೇ ಮರಳಿದ್ದ ಗಾಡಿಗೆ ಟಪ್ಪಿನ ದೀಪ ಬೇಕಾಗಿರಲಿಲ್ಲ. ಅವಳು ಕೊಂಡಿಗೆ ಕೂತ ಸಂಜೆ ಹುನಗುಂದದ ಸ್ಟ್ಯಾಂಡಿನಲ್ಲಿ ಕತ್ತಲಾಗಿ, ಜನ ಹತ್ತಿದ ಮೇಲೆ ಕನಕಪ್ಪ ಠೀವಿಯಿಂದ ಟಪ್ಪಿನ ಗುಂಡಿ ಒತ್ತಿದ. ಒಳಗೆ ಕೂತವರೆಲ್ಲ ನೀಲಿಯಾದರು. ಕಾಯಿಪಲ್ಲೆ ಮಾರುವ ಮಾದೇವಿ ಎದುರಿಗಿದ್ದವನ ಮುಖ ನೋಡಿ ಕಿಟಾರನೆ ಕಿರುಚಿದಳು.

"ಏ ಕನಕಪ್ಪಣ್ಣಾ! ಇದೇನ್ ಟಂಟಮ್ಮೋ, ಬಯಲಾಟದ ಬಣ್ಣದ ಮನಿಯೋ? ಎಲ್ಲಾರೂ ಕೃಷ್ಣ ಆಗ್ಯಾರ! ನನ್ನ ಟಮಾಟಿ ನೋಡು, ನೇರಳಿ ಹಣ್ಣು ಆಗ್ಯಾವು!"

ದಾರಿಯುದ್ದಕ್ಕೂ ನಗೆಯೋ ನಗೆ. ಇಳಕಲ್ಲಿಗೆ ಬಂದವನೇ ಕನಕಪ್ಪ ಟಪ್ಪಿನ ಪಟ್ಟಿಗೆ ಕೈಯಾಡಿಸಿದ. ಅಂಟಿನಲ್ಲಿ ಏನೋ ನವಿರಾಗಿ ತಗುಲಿತು. ಮೊಳ ದೂರ ಹಿಡಿದು ನೋಡಿದ, ಕೆಂಪು ರೇಷ್ಮೆ ಎಳೆ. ಗಾಡಿ ದೀಪ ಕದಿಯುವ ಕಳ್ಳರು ಊರಲ್ಲಿದ್ದಾರು, ರೇಷ್ಮೆ ಉದುರಿಸಿ ಹೋಗುವವರು ಒಬ್ಬರೇ.

ನಡುಮನೆಯ ಬಾಗಿಲಲ್ಲಿ ಬಂದು ನಿಂತ. ಹಗಲಿನಂಥ ಬೆಳಕಿನ ಕೆಳಗೆ ಹೆಂಡತಿ ತಲೆಯೆತ್ತದೆ ಕೊಂಡಿ ಹಾಕುತ್ತಿದ್ದಳು.

"ಮನ್ಯಾಗ ಕಳ್ಳತನಾ ಸುರು ಆತೇನು?"

ಎದುರ ಹೋದ್ರ ಸುಮ್ಮನ ಕುಂದರ್ತೈತಿ ಎಂದು ಶಹರಬಾನು ಅಂದದ್ದು ಸಾವಿತ್ರೆವ್ವನಿಗೆ ನೆನಪಾಯಿತು. ಆ ದಿಕ್ಕು ಬಿಟ್ಟು ಅವನ ದಿಕ್ಕಿನಿಂದ ಹೋದಳು.

"ಬರ್ರಿ, ಛಲೋ ಹೊತ್ತಿಗೆ ಬಂದ್ರಿ. ನನ್ನ ಕಣ್ಣು ಹೋಗ್ಯಾವಲ್ಲ, ನಿಮ್ಮವು ಪಾಡ ಅದಾವು. ಇಲ್ಲೊಂದು ಕುಣಿಕಿ ತಪ್ಪೇತೇನು, ನೋಡಿ ಹೇಳ್ರಿ."

ಕನಕಪ್ಪ ಗೆದ್ದವನಂತೆ ಬಗ್ಗಿದ. ಮುಖ ಹತ್ತಿರ ತಂದ, ಹಿಂದೆ ಒಯ್ದ, ಮತ್ತೆ ತಂದ. ಬೆರಳಿಟ್ಟು, "ಇಲ್ಲಿ ತಪ್ಪೇತಿ," ಎಂದ.

"ಅದು ನನ್ನ ಉಗುರರಿ."

ಕನಕಪ್ಪ ನೆಟ್ಟಗಾದ. "ಲೈಟ್ ಭಾಳ ಆಗೇತಿ. ಕಣ್ಣಿಗೆ ಹೊಡೀತೈತಿ," ಎಂದು ಹೇಳಿ, ಕೈ ಕಾಲು ತೊಳೆಯಲು ಹೊರಟುಹೋದ. ಪಟ್ಟಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಅವನು ಉಂಡು ತಾಂಬೂಲ ಹಾಕಿಕೊಳ್ಳುವಷ್ಟರಲ್ಲಿ ಸಾವಿತ್ರೆವ್ವ ಗೂಡಿನಿಂದ ಕಾಗದ ತೆಗೆದಳು. ಖಾಲಿ ಜಾಗದಲ್ಲಿ 'ಬರುತ್ತೇನೆ' ಎಂದು ಬರೆದಳು. ಶ್ರಾವಣದಿಂದ ಕಾದಿದ್ದ ಜಾಗ, ಅಕ್ಷರಗಳು ಸ್ವಲ್ಪ ದಪ್ಪವೇ ಬಿದ್ದವು.

ಮರುದಿನ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಅವಳೂ ಗಾಡಿ ಹತ್ತಿ ಬಸ್‌ಸ್ಟ್ಯಾಂಡಿನ ತನಕ ಬಂದಳು. ಅಂಚೆ ಡಬ್ಬಿ ಇದ್ದದ್ದು ರಾಜಮಹ್ಮದನ ಅಂಗಡಿಯ ಪಕ್ಕದಲ್ಲೇ. ಶಹರಬಾನು ಕಟ್ಟೆಯ ಮೇಲೆ ಬೆಸುಗೆ ಹಾಕುತ್ತಾ ಕೂತಿದ್ದಳು.

"ಏನ್ರಿ, ನವನಗರಕ್ಕ ಕಾಗದ ಬರದೇನಿ. ನೀವು ಒಂದ್ಸಲ ಓದಿ ಹೂಂ ಅಂದ್ರ ಡಬ್ಬಿಗೆ ಹಾಕೂದು. ನಿಮ್ಮ ಮಾತು ಮೀರಿ ನಾ ಹೋಗಾಕಿ ಅಲ್ಲ."

ಕನಕಪ್ಪ ಕಾಗದ ಬಿಡಿಸಿದ. ಮೂಗಿನ ಹತ್ತಿರ ಹಿಡಿದರೆ ಇರುವೆ ಸಾಲು, ತೋಳು ಚಾಚಿದರೆ ಹೆಂಡತಿಯ ಸಣ್ಣ ಅಕ್ಷರಗಳು ನವನಗರದಷ್ಟೇ ದೂರ. ಓರೆಗಣ್ಣಿನಿಂದ ನೋಡಿದ. ಶಹರಬಾನು ಬೆಸುಗೆ ನಿಲ್ಲಿಸಿ ಇವನನ್ನೇ ನೋಡುತ್ತಿದ್ದಳು. ಅಕ್ಷರ ಕಾಣಲಿಲ್ಲವೆಂದರೆ ಸಂಜೆಯೊಳಗೆ ಟಂಟಂನವರಿಗೆಲ್ಲ ಗೊತ್ತಾಗುತ್ತದೆ. ನೀಲಿ ದೀಪದ ನಗೆಯೇ ಇನ್ನೂ ಆರಿರಲಿಲ್ಲ. ತುಟಿ ಅಲ್ಲಾಡಿಸುತ್ತಾ ಕಣ್ಣನ್ನು ಮೇಲಿಂದ ಕೆಳಗೆ ಇಳಿಸಿ, ಹೂಂ ಎಂದು ಗಂಟಲು ಸರಿಮಾಡಿಕೊಂಡ.

"ಛಲೋ ಬರದೀದಿ."

"ನಿಮ್ಮದೇನೂ ತಕರಾರಿಲ್ಲಲ್ಲ?"

"ಇದರಾಗ ತಕರಾರ ಮಾಡೂವಂಥಾದ್ದು ಏನೈತಿ?"

"ಕೇಳಿಸ್ಕೊಂಡಿ ಇಲ್ಲೋ ಶಹರಾ?"

"ಛಂದಂಗ ಕೇಳಿಸ್ತಕ್ಕಾ," ಎಂದಳು ಶಹರಬಾನು, ನಗು ನುಂಗಿ ಬೆಸುಗೆಯ ಹೊಗೆಯ ಕಡೆ ಮುಖ ತಿರುಗಿಸುತ್ತಾ.

"ಹಂಗಾರ ನಿಮ್ಮ ಕೈಯಿಂದನ ಹಾಕ್ರಿ. ನಿಮ್ಮ ಕೈಗುಣ ಛಲೋ."

ಹೊಗಳಿಕೆಗೆ ಕನಕಪ್ಪನ ಎದೆ ಉಬ್ಬಿತು. ಕಾಗದವನ್ನು ಲಕೋಟೆಗೆ ಸೇರಿಸಿ, ಅಂಟನ್ನು ತಾನೇ ನೆಕ್ಕಿ ಒತ್ತಿ, ಹೆಂಡತಿಯ ಮೂರು ತಿಂಗಳನ್ನೂ ತನ್ನ ಮೂರು ತಿಂಗಳ ರೊಟ್ಟಿಯನ್ನೂ ಕೆಂಪು ಡಬ್ಬಿಯ ಬಾಯೊಳಗೆ ಟಪ್ಪನೆ ಬಿಟ್ಟ.