ಎಂಟು ಇಂಚು

"ನೀರು ಹಾಕಿದಾಗ ಎಲ್ಲಾ ಕಲ್ಲೂ ಚೆನ್ನಾಗೇ ಕಾಣ್ಸುತ್ತೆ ಅಮ್ಮ. ಒಣಗಿದ ಮೇಲೆ ನೋಡಿ ಹೇಳಿ," ಎಂದ ಗ್ರಾನೈಟ್ ಮೇಸ್ತ್ರಿ, ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಡುತ್ತ. ಶೆಡ್ಡಿನೊಳಗೆ ಕಲ್ಲಿನ ಹಲಗೆಗಳು ಕಪಾಟಿನ ಪುಸ್ತಕಗಳ ಹಾಗೆ ಒಂದಕ್ಕೊಂದು ಒರಗಿ ನಿಂತಿದ್ದವು. ಅಡುಗೆ ಕಟ್ಟೆಗೆ ಕಲ್ಲು ಆರಿಸಲು ಬಂದಿದ್ದ ಸೊಸೆಯ ಕಣ್ಣು ಮಿರಮಿರ ಮಿಂಚುವ ಕರಿ ಕಲ್ಲಿನ ಮೇಲಿತ್ತು. ಕಾಲು ಮಾತ್ರ ಬೂದುಬಿಳಿ ಕಲ್ಲಿನ ಮುಂದೆ ನಿಂತಿತ್ತು. ಅದಕ್ಕೆ ಕಾರಣ ಅತ್ತೆ. ಎರಡೂ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗಳ ಮನೆಗೆ ಹೋಗಿದ್ದ ಅವರು ಫೋನಿನಲ್ಲಿ ಕೇಳಿಕೊಂಡದ್ದು ಒಂದೇ: "ಕರೀದು ಮಾತ್ರ ಬೇಡ ಕಣೇ. ಚಾಕು ಎಲ್ಲಿದೆ, ಬೆರಳು ಎಲ್ಲಿದೆ ಅಂತ ಕಾಣಬೇಕಲ್ಲ."

"ಇದೇ ಇರಲಿ," ಎಂದು ಅವಳು ಬಿಳಿ ಕಲ್ಲಿನ ಮೇಲೆ ಕೈಯಿಟ್ಟಳು.

"ಯಜಮಾನ್ರನ್ನ ಒಂದು ಮಾತು ಕೇಳಲ್ವಾ?"

"ಅವರಿಗೆ ಚಹಾ ಬಿಸಿಯಾಗಿದ್ರೆ ಸಾಕು. ಯಾವ ಕಲ್ಲಿನ ಮೇಲೆ ಬಿಸಿಯಾಯ್ತು ಅಂತ ಕೇಳೋ ಪೈಕಿ ಅಲ್ಲ."

ಸಂಜೆ ನಾದಿನಿ ಫೋನು ಮಾಡಿ ಹೊಗಳಿದ್ದೇ ಹೊಗಳಿದ್ದು. "ಅಮ್ಮನ ಕಣ್ಣಿಗೋಸ್ಕರ ನಿಮಗಿಷ್ಟವಾದ ಕಲ್ಲನ್ನೇ ಬಿಟ್ರಂತೆ ಅತ್ತಿಗೆ! ಅಮ್ಮ ಪುಣ್ಯ ಮಾಡಿದ್ರು ಬಿಡಿ." ಸೊಸೆ ಹಿಗ್ಗಿದಳು. ಹಿಗ್ಗದೆ ಏನು ಮಾಡುತ್ತಾಳೆ, ಅಲ್ಲಿಯವರೆಗೆ ಅವಳು ತಪ್ಪೇನೂ ಮಾಡಿರಲಿಲ್ಲ.

ಮಾರನೆಯ ದಿನ ಮೇಸ್ತ್ರಿ ಮನೆಗೆ ಬಂದು ಹಳೆಯ ಅಡುಗೆ ಕಟ್ಟೆಗೆ ಟೇಪು ಹಿಡಿದ. "ಮೂವತ್ತೇ ಇಂಚು! ಇದೇನಮ್ಮ, ಮಕ್ಕಳಾಟದ ಅಡುಗೆಮನೆ ಇದ್ದ ಹಾಗಿದೆ?"

ಅತ್ತೆ ನಾಲ್ಕು ಅಡಿ ಎಂಟು ಇಂಚಿನ ಆಳು. ಮನೆ ಕಟ್ಟಿಸುವಾಗ ಗಾರೆಯವನನ್ನು ಎದುರಿಗೆ ನಿಲ್ಲಿಸಿಕೊಂಡು ತಮಗೆ ಸರಿಯಾಗಿ ಕಟ್ಟೆ ಹಾಕಿಸಿಕೊಂಡಿದ್ದರು. ಆಮೇಲೆ ಆ ಮನೆಗೆ ಬಂದ ಸೊಸೆ ಅವರಿಗಿಂತ ಒಂದು ಅಡಿ ಎತ್ತರ. ಮದುವೆಯಾದ ವಾರದಲ್ಲೇ ನೆಂಟರು ಅವಳಿಗೆ 'ಏಣಿ' ಎಂದು ಹೆಸರಿಟ್ಟು, ಇನ್ನು ಅಟ್ಟದ ಸಾಮಾನಿಗೆ ಯೋಚನೆಯಿಲ್ಲ ಎಂದು ನಕ್ಕಿದ್ದರು. ಆ ಏಣಿ ಹದಿನೆಂಟು ವರ್ಷ ಬಗ್ಗಿ ಈರುಳ್ಳಿ ಹೆಚ್ಚಿದ್ದು ಯಾರ ಗಮನಕ್ಕೂ ಬರಲಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಆ ಗುದ್ದು ಅವಳಿಗೆ ದಿನಾ ಸಂಜೆ ಸೊಂಟದಲ್ಲಿ ಬೀಳುತ್ತಿತ್ತು.

"ಕೈ ಮಡಚಿ ನೆಟ್ಟಗೆ ನಿಂತ್ಕೊಳ್ಳಿ," ಎಂದ ಮೇಸ್ತ್ರಿ. "ಮೊಣಕೈಯಿಂದ ಐದಿಂಚು ಕೆಳಗೆ ಕಟ್ಟೆ ಬಂದ್ರೆ ಸೊಂಟ ನೋಯಲ್ಲ. ನಿಮ್ಮ ಎತ್ತರಕ್ಕೆ... ಮೂವತ್ತೆಂಟು. ಇನ್ಯಾರಾದ್ರೂ ಅಡುಗೆ ಮಾಡೋರು ಇದಾರಾ? ಇಬ್ಬರಿದ್ರೆ ಇಬ್ಬರ ಅಳತೇನೂ ತಗೊಂಡು ನಡುವೆ ಹಿಡೀತೀನಿ."

"ಇಲ್ಲ, ನಾನೊಬ್ಬಳೇ. ಅತ್ತೆ ಈಗ ಅಡುಗೆಮನೆಗೆ ಬರಲ್ಲ."

ಮಗಳ ಮನೆಗೆ ಹೊರಟ ದಿನದ ಬೆಳಿಗ್ಗೆಯೂ ಮೊದಲು ಎದ್ದು ಒಲೆ ಹಚ್ಚಿದ್ದು ಅತ್ತೆಯೇ. ಆದರೂ ಮಾತು ಬಾಯಿಯಿಂದ ಜಾರಿತು, ಮೇಸ್ತ್ರಿ ಅದನ್ನು ಪುಸ್ತಕದಲ್ಲಿ ಬರೆದೂಬಿಟ್ಟ. ಸೊಂಟನೋವಿನಿಂದ ಹಾಗೆಂದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಈ ಮನೆಯಲ್ಲಿ ಬೇರೆ ಯಾರೂ ಬಂದು ನಿಲ್ಲಲಾಗದ ಒಂದು ಜಾಗ ಅವಳಿಗೆ ಬೇಕಿತ್ತು. ಅದು ಉಳಿದರ್ಧ. ಬಣ್ಣವನ್ನು ಅತ್ತೆಗೆ ಕೊಟ್ಟು ಎತ್ತರವನ್ನು ತಾನು ಇಟ್ಟುಕೊಂಡಳು.

ಎರಡು ತಿಂಗಳಿಗೆ ಕೆಲಸ ಮುಗಿಯಿತು. ನೆಲ, ಗೋಡೆಯ ಟೈಲ್ಸು, ಕಪಾಟು ಎಲ್ಲ ಹೊಸದಾಗಿ ಅಡುಗೆಮನೆಯ ಗುರುತೇ ಸಿಗುತ್ತಿರಲಿಲ್ಲ. ಹೊಸ ಕನ್ನಡಕ ಹಾಕಿಕೊಂಡು ಬಂದಿಳಿದ ಅತ್ತೆ ಚೀಲವನ್ನು ಹಜಾರದಲ್ಲೇ ಬಿಟ್ಟು ಸೀದಾ ಒಳಗೆ ಹೋದರು. ಕಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು. "ಎಷ್ಟು ಬೆಳ್ಳಗಿದೆ! ಸಾಸಿವೆ ಕಾಳು ಬಿದ್ರೂ ಕಾಣ್ಸುತ್ತೆ," ಎಂದರು. "ಇರು, ಮೊದಲ ಚಹಾ ನಾನೇ ಮಾಡ್ತೀನಿ" ಎಂದು ಹಾಲನ್ನು ಒಲೆಗಿಟ್ಟರು.

ಪಾತ್ರೆಯ ಅಂಚು ಅವರ ಮೂಗಿನ ಮಟ್ಟಕ್ಕೆ ಬಂತು. ಅತ್ತೆ ತುದಿಗಾಲಲ್ಲಿ ನಿಂತು ಇಣುಕಿದರು. ಕಾಲು ಸೋತು ಇಳಿದರು. ಮತ್ತೆ ಏರುವಷ್ಟರಲ್ಲಿ ಹಾಲು ಉಕ್ಕಿ ಹೊಸ ಕಲ್ಲಿನ ಮೇಲೆಲ್ಲ ಹರಿಯಿತು. ಜೀವಮಾನದಲ್ಲಿ ಹಾಲುಕ್ಕಿಸಿದವರಲ್ಲ ಅವರು. ಬಟ್ಟೆ ಹಿಡಿದು ಕಲ್ಲನ್ನು ಒರೆಸಿದರು.

"ಕಟ್ಟೆ ಮೊದಲಿನಷ್ಟೇ ಇದೆ ತಾನೇ?"

ಹೇಳಬೇಕಿದ್ದ ಗಳಿಗೆ ಅದೇ. "ಅಷ್ಟೇ ಅತ್ತೆ," ಎಂದಳು ಸೊಸೆ. "ಒಂಚೂರು ಆಚೀಚೆ ಇರಬಹುದು."

"ಹಾಗಾದ್ರೆ ನಾನೇ ಕುಗ್ಗಿದೀನಿ ಅನ್ನು. ಡಾಕ್ಟರು ಹೇಳಿದ್ರು, ವಯಸ್ಸಾದ್ರೆ ಮೂಳೆ ಸವೆದು ಆಳು ಗಿಡ್ಡ ಆಗ್ತಾರೆ ಅಂತ. ಮೊದಲೇ ನಾನು ಗೇಣುದ್ದ, ಅದರಲ್ಲೂ ಸವೆಯೋಕೆ ಏನಿತ್ತೋ," ಎಂದು ಅತ್ತೆ ನಕ್ಕರು.

ಅಂದಿನಿಂದ ಅವರು ಹಜಾರದ ಕುರ್ಚಿಯಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಟಾಣಿ ಬಿಡಿಸತೊಡಗಿದರು. ವಾರ ಕಳೆಯುವಷ್ಟರಲ್ಲಿ ಅದನ್ನೂ ಬಿಟ್ಟರು. ಬಾಗಿಲ ಮುಂದಿನ ಎರಡು ಮೆಟ್ಟಿಲು ಇಳಿಯಲು ಸೊಸೆಯ ತೋಳು ಬೇಕಾಯಿತು. ಸಂಜೆಯ ತಿರುಗಾಟ ನಿಂತು, ಓಡಾಡುವ ಬೂಟು ಪಕ್ಕದ ಮನೆಯಾಕೆಯ ಪಾಲಾಯಿತು. ಗೆಳತಿಯರಿಗೆ ಫೋನಿನಲ್ಲಿ, "ಕುಗ್ತಾ ಇದೀನಿ ಕಣ್ರೇ, ಬರೋ ವರ್ಷ ನನ್ನನ್ನ ಮೇಜಿನ ಕೆಳಗೆ ಹುಡುಕಬೇಕಾಗುತ್ತೆ," ಎನ್ನುತ್ತಿದ್ದರು. ಅತ್ತ ಗೆಳತಿಯರು ನಗುತ್ತಿದ್ದರು. ಇತ್ತ ನೆಟ್ಟಗೆ ನಿಂತು ತರಕಾರಿ ಹೆಚ್ಚುತ್ತಿದ್ದವಳ ಕೈ ನಿಲ್ಲುತ್ತಿತ್ತು. ಸೊಂಟನೋವು ಪೂರ್ತಿ ಹೋಗಿತ್ತು. ಹೋಗಬಾರದಿತ್ತು ಅನ್ನಿಸುತ್ತಿತ್ತು ಅವಳಿಗೆ.

"ಅಮ್ಮ ಯಾಕೋ ಇದ್ದಕ್ಕಿದ್ದ ಹಾಗೆ ಇಳಿದುಹೋದ್ರು," ಎಂದ ಒಂದು ದಿನ ಗಂಡ, ಊಟದ ನಡುವೆ.

"ಅದಕ್ಕೆ ನಾನೇನು ಮಾಡ್ಲಿ? ನಾನೇನಾದ್ರೂ ಮಾಡಿದೀನಾ?"

ಗಂಡ ಕಣ್ಣು ಬಿಟ್ಟು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪುಣ್ಯಕ್ಕೆ ಅವನು ಹೆಗಲು ನೋಡುವವನಲ್ಲ, ತಟ್ಟೆ ನೋಡುವವನು.

ತಿಂಗಳು ತುಂಬಿದ ದಿನ ಅತ್ತೆ ಬೀರು ತೆರೆದು ತಮ್ಮ ಬಟ್ಟೆಗಳನ್ನು ಹಾಸಿಗೆಯ ಮೇಲೆ ಎರಡು ಪಾಲು ಮಾಡುತ್ತಿದ್ದರು. "ಇದು ಮಗಳಿಗೆ. ಆ ನೀಲಿ ಶಾಲು ನಿನಗೆ. ನನಗೆ ನೆಲ ಗುಡಿಸ್ತಿತ್ತು, ನಿನ್ನ ಎತ್ತರಕ್ಕೆ ಸರಿಹೋಗುತ್ತೆ ನೋಡು." ಸೊಸೆ ಶಾಲನ್ನು ಮುಟ್ಟಲಿಲ್ಲ. ಹಿತ್ತಿಲಿಗೆ ಹೋಗಿ ಮೇಸ್ತ್ರಿಗೆ ಫೋನು ಮಾಡಿದಳು. ಅತ್ತೆ ಮಲಗುವ ಮಧ್ಯಾಹ್ನದ ಹೊತ್ತಿಗೇ ಬರಬೇಕು ಎಂದು ಎರಡೆರಡು ಸಲ ಹೇಳಿದಳು.

ಮೇಸ್ತ್ರಿ ಬಂದವನೇ ಕಟ್ಟೆಯ ಕೆಳಗೆ ಬಗ್ಗಿ ನೋಡಿ ತಲೆಯಾಡಿಸಿದ. "ಇಳಿಸೋಕಾಗಲ್ಲಮ್ಮ. ಅಂಟು ಕಚ್ಚಿಬಿಟ್ಟಿದೆ. ಎಬ್ಬಿಸೋಕೆ ಹೋದ್ರೆ ಸಿಂಕಿನ ಹತ್ರ ಫಟ್ ಅನ್ನುತ್ತೆ, ಅಲ್ಲಿ ಕಲ್ಲು ನಾಲ್ಕು ಬೆರಳಷ್ಟೇ ಉಳಿದಿರೋದು. ಒಂದು ಕೆಲಸ ಮಾಡೋಣ. ಇದೇ ಕಲ್ಲಿನ ತುಂಡು ನನ್ನ ಹತ್ರ ಇದೆ. ಕಿಟಕಿ ಕೆಳಗೆ ತಗ್ಗಾಗಿ ಇನ್ನೊಂದು ಕಟ್ಟೆ ಕಟ್ಟಿ, ಒಂದು ಒಲೇನೂ ಇಡೋ ಹಾಗೆ ಮಾಡಿಕೊಡ್ತೀನಿ. ಎತ್ತರ ಎಷ್ಟಿರಲಿ?"

"ಮೂವತ್ತು."

"ಅಂದ್ರೆ ಹಳೇ ಕಟ್ಟೆಯಷ್ಟು?"

"ಹಳೇದು ಎಷ್ಟಿತ್ತಪ್ಪ?"

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕನ್ನಡಕ ಹಾಕಿಕೊಂಡಿರಲಿಲ್ಲ. ಒಂದು ಕೈ ಗೋಡೆಯ ಮೇಲಿತ್ತು.

ಮೇಸ್ತ್ರಿ ಅತ್ತೆಯ ಮುಖ ನೋಡಿದ, ಸೊಸೆಯ ಮುಖ ನೋಡಿದ. ಹತ್ತಾರು ಮನೆಗಳ ಅಡುಗೆಮನೆ ಕಂಡವನು. ಬಿಚ್ಚಿದ್ದ ಪುಸ್ತಕವನ್ನು ಮೆಲ್ಲನೆ ಮುಚ್ಚಿದ. "ದಿನಾ ಎಷ್ಟೋ ಮನೆ ಅಳೀತೀನಿ ಅಜ್ಜಿ. ಯಾವುದು ಎಷ್ಟು ಅಂತ ನೆನಪಿರಲ್ಲ."

ಅವನು ದಾರಿ ಬಿಟ್ಟುಕೊಟ್ಟಿದ್ದ. ಸುಮ್ಮನಿದ್ದರೆ ಸಾಕಿತ್ತು. ಅತ್ತೆಗೆ ತಗ್ಗಿನ ಕಟ್ಟೆಯೂ ಸಿಗುತ್ತಿತ್ತು, ಅವಳಿಗೆ ಇನ್ನೊಂದು ಸಲ ಒಳ್ಳೆಯ ಸೊಸೆ ಎಂಬ ಹೆಸರೂ ಬರುತ್ತಿತ್ತು. ಅವಳು ಅತ್ತೆಯ ಕಡೆ ತಿರುಗಿದಳು.

"ಮೂವತ್ತಿತ್ತು ಅತ್ತೆ. ಇದು ಮೂವತ್ತೆಂಟು. ನಾನೇ ಏರಿಸಿದ್ದು. ನೀವು ಅಡುಗೆಮನೆಗೆ ಬರಲ್ಲ ಅಂತ ಇವರಿಗೆ ಹೇಳಿದ್ದೂ ನಾನೇ. ಮೊದಲಿನಷ್ಟೇ ಇದೆ ಅಂದಿದ್ದು ಸುಳ್ಳು."

ಮೇಸ್ತ್ರಿಗೆ ಆ ಕ್ಷಣದಲ್ಲಿ ನಲ್ಲಿಯ ತಿರುಪಿನ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ಅತ್ತೆ ಬೆರಳು ಮಡಚಿ ಎಣಿಸಿದರು.

"ಎಂಟು ಇಂಚು," ಎಂದರು. ಆಮೇಲೆ, "ಹಾಗಾದ್ರೆ ನಾನು ಕುಗ್ಗಿಲ್ವಾ?"

"ಇಲ್ಲ ಅತ್ತೆ."

"ಒಂದಿಂಚೂ?"

"ಇಲ್ಲ."

ಅತ್ತೆಯ ಮುಖ ಅರಳಿತು. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿ ನಿಂತಿದ್ದ ಸೊಸೆ ಅದನ್ನು ನೋಡಿ ಕಂಗೆಟ್ಟಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಒಂದು ತಿಂಗಳಿಂದ ದಿನಾ ಮಲಗೋವಾಗ ಕಾಲು ಚಾಚಿ ನೋಡ್ತಿದ್ದೆ ಕಣೇ," ಎಂದರು ಅತ್ತೆ, ಇನ್ನೂ ನಗುಮುಖದಲ್ಲೇ. "ಮಂಚದ ತುದಿ ಇನ್ನೂ ಎಷ್ಟು ದೂರ ಹೋಯ್ತು ಅಂತ." ಹೇಳುತ್ತಿದ್ದ ಹಾಗೇ ಆ ನಗು ನಿಂತಿತು. ಸೊಸೆ ಹತ್ತಿರ ಹೋಗಿ ತೋಳು ಚಾಚಿದಳು. ಅತ್ತೆ ಅದನ್ನು ಹಿಡಿಯಲಿಲ್ಲ. ಗೋಡೆಯನ್ನೂ ಬಿಟ್ಟು ತಾವೇ ಒಳಗೆ ಬಂದರು.

"ಇವಳ ಬಾಯಿ ಮಾತು ಬೇಡ," ಎಂದರು ಮೇಸ್ತ್ರಿಗೆ. "ನೀನು ಅಳತೆ ಮಾಡೋನು. ನನ್ನನ್ನ ಅಳೆದು ಹೇಳಪ್ಪ."

"ಕಟ್ಟೆಗೆ ಮೊಣಕೈ ಅಳತೆ ಸಾಕು ಅಜ್ಜಿ."

"ಕಟ್ಟೆಗಲ್ಲ. ನೆತ್ತಿವರೆಗೂ ಅಳೆ."

ಅತ್ತೆ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಸೆರಗು ಸರಿಮಾಡಿಕೊಂಡು ಸೆಟೆದು ನಿಂತರು. ಮೇಸ್ತ್ರಿ ಟೇಪು ಎಳೆದ. "ಅಮ್ಮ, ಕೆಳಗಿನ ತುದಿ ಸ್ವಲ್ಪ ಹಿಡ್ಕೊಳ್ಳಿ. ನೆಲಕ್ಕೆ ಒತ್ತಿ, ಜಾರಬಾರದು."

ಸೊಸೆ ಮಂಡಿಯೂರಿ ಕೂತು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿದಳು. ಅತ್ತೆಯ ಪಾದಗಳು ಅವಳ ಕಣ್ಣೆದುರಿಗೇ ಇದ್ದವು. ಬಿರುಕು ಬಿಟ್ಟ ಎರಡೂ ಹಿಮ್ಮಡಿ ನಿಧಾನವಾಗಿ ನೆಲ ಬಿಟ್ಟು ಒಂದು ಬೆರಳಿನಷ್ಟು ಮೇಲೆದ್ದವು. ಮೇಲೆ ಮೇಸ್ತ್ರಿ ನೆತ್ತಿಯ ಹತ್ತಿರ ಕಣ್ಣು ಕಿರಿದು ಮಾಡಿಕೊಂಡು ಅಂಕಿ ಓದುತ್ತಿದ್ದ.

"ಕೆಳಗೆ ಸರಿಯಾಗಿದೆಯಾ ಅಮ್ಮ?"

ನಡುಗುತ್ತಿದ್ದ ಆ ಹಿಮ್ಮಡಿಗಳನ್ನೇ ನೋಡುತ್ತ ಅವಳು, "ಸರಿಯಾಗಿದೆ," ಎಂದಳು.